ಟ್ರೇಲರ್ ಬೆನ್ನಿನ ನಂಬರ್

2025ರ ಡಿಸೆಂಬರ್ 3, ಬುಧವಾರ, ಬೆಳಿಗ್ಗೆ 10-40ಕ್ಕೆ ಕುರುಗೋಡಿನ ಹಾಲಸಿದ್ದಪ್ಪ ಠಾಣೆಗೆ ಬಂದು ದೂರು ಕೊಟ್ಟರು. ವಯಸ್ಸು ಐವತ್ತೆಂಟು. ಹನ್ನೆರಡು ಟ್ರ್ಯಾಕ್ಟರ್, ಹನ್ನೊಂದು ಟ್ರೇಲರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುವವರು. ಸುಗ್ಗಿ ಬಂತೆಂದರೆ ಆ ಸೀಮೆಯ ಭತ್ತ ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಹೋಗುವುದು ಹೆಚ್ಚಾಗಿ ಅವರ ಗಾಡಿಗಳಲ್ಲೇ. ದೂರನ್ನು ಬಳ್ಳಾರಿಯಲ್ಲಿ ಟೈಪ್ ಮಾಡಿಸಿ, ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದರು.

ಪಿಎಸ್‌ಐ ಸಿದ್ದಲಿಂಗೇಶ್ ಅದನ್ನು ಎರಡು ಸಲ ಓದಿದರು. ಆ ಠಾಣೆಗೆ ವರ್ಗವಾಗಿ ಬಂದು ಅವರಿಗೆ ಏಳು ತಿಂಗಳಾಗಿತ್ತು. ಇಂಥ ದೂರನ್ನು ಯಾವ ಠಾಣೆಯಲ್ಲೂ ಅವರು ಕಂಡಿರಲಿಲ್ಲ.

"ಯಾರೋ ನಿಮ್ಮ ಟ್ರೇಲರ್ ಹಿಂದ ನಂಬರ್ ಬರದಾರ. ಇದು ದೂರಾ?"

"ಹೌದ್ರಿ. ನನ್ನ ಕೇಳದ ಬರದಾರ. ಹನ್ನೊಂದಕ್ಕೂ."

"ಯಾವ ನಂಬರ್?"

"ಟ್ರ್ಯಾಕ್ಟರ್ ನಂಬರ್."

"ಯಾರ ಟ್ರ್ಯಾಕ್ಟರ್?"

"ನಂದ ರೀ."

"ನಿಮ್ಮ ಟ್ರೇಲರ್ ಮ್ಯಾಲ ನಿಮ್ಮ ಟ್ರ್ಯಾಕ್ಟರ್ ನಂಬರ್. ಇದರಾಗ ಅಪರಾಧ ಏನು?"

"ಸುಳ್ಳು ನಂಬರ್ ಸಾರ್. ಈ ಟ್ರ್ಯಾಲಿ ಮ್ಯಾಲ ಬರದಿರೋ ಟ್ರ್ಯಾಕ್ಟರ್ ಇವತ್ತು ಬ್ಯಾರೆ ಟ್ರ್ಯಾಲಿ ಎಳೀತೈತಿ. ಮೋಕ ಊರಾಗ ಮೊನ್ನಿ ಒಂದು ಗಾಡಿ ಕಾಂಪೌಂಡ್ ಗೋಡಿಗೆ ತಾಗ್ತು. ಜನ ಹಿಂದಿನ ನಂಬರ್ ಓದಿ ನನಗ ಫೋನ್ ಮಾಡಿ ಬೈದ್ರು. ಮೂವತ್ತು ವರ್ಷ ಗಾಡಿ ಓಡಿಸೀನಿ, ಒಬ್ಬಾತ ನನಗ ಫೋನ್ ಮಾಡಿರಲಿಲ್ಲ. ನನ್ನ ಮಾನ ಕಳಿಯಾಕ ಯಾರೋ ವೈರಿ ಮಾಡಿದ ಕೆಲಸ ಇದು."

"ಗೋಡಿಗೆ ತಾಗಿದ್ದು ನಿಮ್ಮ ಗಾಡಿನ ಅಲ್ಲಾ?"

ಹಾಲಸಿದ್ದಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು.

ಹನ್ನೊಂದನ್ನೂ ಕೆರೆದು ಮತ್ತೆ ಬಣ್ಣ ಹೊಡೆಸುವುದಕ್ಕೆ ಒಂದು ಲಕ್ಷಕ್ಕೂ ಮೇಲೆ ನಷ್ಟ ಎಂದು ದೂರಿನಲ್ಲಿತ್ತು. ಅಷ್ಟು ನಷ್ಟ ತೋರಿಸಿದರೆ ಪೊಲೀಸರು ಎಫ್‌ಐಆರ್ ಮಾಡಲೇಬೇಕು ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದು ಸರಿಯೇ ಇತ್ತು. ಆಸ್ತಿ ಹಾನಿಯ ಕಲಮಿನಡಿ ಅಪರಾಧ ಸಂಖ್ಯೆ 214/2025 ದಾಖಲಾಯಿತು. ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ರಾಮಾಂಜಿನಿ ಪೆನ್ನು ಎತ್ತಿ ಕೇಳಿದರು.

"ಟ್ರೇಲರ್ ನೋಂದಣಿ ಸಂಖ್ಯೆ ಹೇಳ್ರಿ ಸಾವ್ಕಾರ್ರ. ಯಾವ ಟ್ರೇಲರ್ ಅಂತ ಬರೀಬೇಕಲ್ಲ."

"ನಾಕಕ್ಕ ಐತಿ. ಉಳಿದ ಏಳಕ್ಕ ಮಾಡಿಸಬೇಕು."

"ಹಂಗಾದ್ರ ಆ ಏಳನ್ನ ಹೆಂಗ ಗುರುತು ಹಿಡಿಯೋದು?"

ಹಾಲಸಿದ್ದಪ್ಪ ಸ್ವಲ್ಪ ಯೋಚಿಸಿದರು. "ಆ ಬರದಿರೋ ನಂಬರ್ ಅದಾವಲ್ಲ, ಅದನ್ನ ಹಾಕ್ರಿ."

ಕಿಟಕಿಯ ಹತ್ತಿರ ನಿಂತಿದ್ದ ಮಹಿಳಾ ಕಾನ್‌ಸ್ಟೆಬಲ್ ಪೂಜಿತಾ ತುಟಿ ಕಚ್ಚಿ ನಗು ತಡೆದಳು. ಸುಳ್ಳು ಎಂದು ದೂರು ಕೊಟ್ಟ ನಂಬರುಗಳೇ ಎಫ್‌ಐಆರ್‌ನಲ್ಲಿ ಒಂದರ ಕೆಳಗೊಂದು ಇಳಿದವು. ಆರು ವರ್ಷಗಳಿಂದ ಈ ಹನ್ನೊಂದೂ ಟ್ರೇಲರ್‌ಗಳು ತನ್ನ ಸ್ವಾಧೀನದಲ್ಲೇ ಇವೆ ಎಂಬ ಸಾಲಿನ ಕೆಳಗೆ ಹಾಲಸಿದ್ದಪ್ಪ ದೊಡ್ಡದಾಗಿ ಸಹಿ ಮಾಡಿದರು.

ಅದೇ ದಿನ ಮಧ್ಯಾಹ್ನ 3-15ಕ್ಕೆ ಕುರುಗೋಡಿನಲ್ಲಿ ಅವರ ಶೆಡ್ಡಿನ ಮುಂದೆ ಪಂಚನಾಮೆ ನಡೆಯಿತು. ಟ್ರೇಲರ್‌ಗಳು ಸಾಲಾಗಿ ನಿಂತಿದ್ದವು. ಹತ್ತು ಹಳೆಯವು, ಮಣ್ಣು ಮೆತ್ತಿದ ಕೆಂಪು ಬಣ್ಣದವು. ಕೊನೆಯದೊಂದು ಮಾತ್ರ ಹಸಿರು. ಪ್ರತಿಯೊಂದರ ಹಿಂಬಾಗಿಲ ಮೇಲೂ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಅಕ್ಷರ. ಅಚ್ಚು ಇಟ್ಟು ಹೊಡೆದದ್ದಲ್ಲ, ಕುಂಚ ಹಿಡಿದು ಕೈಯಲ್ಲಿ ಬರೆದದ್ದು. ಆದರೂ ಒಂದು ಗೆರೆಯೂ ಅಲುಗಿರಲಿಲ್ಲ.

ಪೂಜಿತಾ ಸ್ಕೇಲ್ ಇಟ್ಟು ಅಳೆದಳು. "ಎತ್ತರ ಅರವತ್ತೈದು ಮಿಲಿಮೀಟರ್ ಸಾರ್. ದಪ್ಪ ಹತ್ತು. ಅಕ್ಷರದ ನಡುವೆ ಹತ್ತು."

"ಇನ್ನೊಂದು ನೋಡು."

"ಅದೂ ಅಷ್ಟೇ."

ಹನ್ನೊಂದೂ ಅಷ್ಟೇ ಇದ್ದವು.

ಹಾಲಸಿದ್ದಪ್ಪನಿಗೆ ತಾಳ್ಮೆ ತಪ್ಪಿತು. "ಅಳತಿ ತಗಂಡು ಏನ್ ಮಾಡ್ತೀರಿ ಸಾರ್? ಎಷ್ಟು ಗಟ್ಟಿ ಬಣ್ಣ ಹಾಕ್ಯಾರ ನೋಡ್ರಿ ಇಲ್ಲಿ." ಹತ್ತಿರದಲ್ಲಿದ್ದ ಹಸಿರು ಟ್ರೇಲರಿನ ಮೇಲೆ, 4417 ಎಂದು ಬರೆದಿದ್ದ ಕಡೆ, ತಿನ್ನರ್ ಸುರಿದು ಬಟ್ಟೆಯಿಂದ ಬಲವಾಗಿ ಉಜ್ಜಿದರು. ಪಟ್ಟಿಯ ಮೂಲೆ ಅಂಗೈಯಗಲ ಕಿತ್ತುಬಂತು. "ನೋಡ್ರಿ, ನನ್ನ ಬಣ್ಣನೂ ಹೋತು."

ಪೂಜಿತಾ ಅದನ್ನೂ ಬರೆದುಕೊಂಡಳು: ಬಿಳಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ. ಕಂಡದ್ದನ್ನೆಲ್ಲ ಬರೆದಿಡುವುದು ಅವಳ ಅಭ್ಯಾಸ. ಪಂಚರು ಸಹಿ ಹಾಕಿದರು.

ಡಿಸೆಂಬರ್ 4ರಂದು ಬೆಳಿಗ್ಗೆ ಸಿದ್ದಲಿಂಗೇಶ್ ಮತ್ತು ರಾಮಾಂಜಿನಿ ಬಳ್ಳಾರಿಗೆ ಹೋಗಿ ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರನ್ನು ಕಂಡರು. ಅವರು ಫೋಟೋಗಳನ್ನು ಒಂದೊಂದಾಗಿ ನೋಡಿ ಕನ್ನಡಕ ತೆಗೆದರು.

"ಇದನ್ನ ಬರದೋರಿಗೆ ನಮ್ಮ ಇಲಾಖೆಯಾಗ ಕೆಲಸ ಕೊಡಬೇಕು. ಅರವತ್ತೈದು, ಹತ್ತು, ಹತ್ತು. ನಿಯಮದಾಗ ಇರೋದೇ ಇಷ್ಟು. ಟ್ರೇಲರಿಗೆ ತನ್ನದೇ ನಂಬರ್ ಬ್ಯಾರೆ ಇರಬೇಕು, ಅದು ಪಕ್ಕದಾಗ. ಹಿಂದುಗಡೆ, ಎಳಿಯೋ ಟ್ರ್ಯಾಕ್ಟರ್ ನಂಬರ್ ಇರಬೇಕು. ಯಾಕಂದ್ರ ಹಿಂದ ಬರೋ ಮನುಷ್ಯಗ ಟ್ರ್ಯಾಕ್ಟರ್ ಕಾಣಂಗಿಲ್ಲ, ಟ್ರೇಲರ್ ಅಷ್ಟೇ ಕಾಣತೈತಿ. ಹಳೇ ಕಾನೂನು. ಪಾಲಿಸೋರು ಯಾರೂ ಇಲ್ಲ."

"ಯಾಕ ಪಾಲಿಸಂಗಿಲ್ಲ?"

"ಸುಗ್ಗಿಯಾಗ ಟ್ರೇಲರ್ ಒಬ್ಬರಿಂದ ಒಬ್ಬರಿಗೆ ಹೋಗ್ತಿರತಾವ. ಇವತ್ತು ಈ ಟ್ರ್ಯಾಕ್ಟರ್, ನಾಳಿ ಆ ಟ್ರ್ಯಾಕ್ಟರ್. ಎಷ್ಟು ಸಲ ಅಳಿಸಿ ಬರೀತಾರ? ಅದಕ್ಕ ನಂಬರಿನ ಜಾಗದಾಗ ದೇವರ ಹೆಸರು, ಕಮಲದ ಹೂವು." ಅವರು ಕಿಟಕಿಯಿಂದ ಹೊರಗೆ ನೋಡಿ ಸಣ್ಣಗೆ ನಕ್ಕರು. "ರಾಮಾಂಜಿನಿಯವರ, ಅಲ್ಲಿ ನಿಂತಿರೋ ಬೈಕ್ ನಿಮ್ಮದಲ್ಲಾ? ನಂಬರ್ ಪ್ಲೇಟ್ ಮ್ಯಾಲ ಕೆಂಪಕ್ಷರದಾಗ ಪೊಲೀಸ್ ಅಂತ ಐತಿ. ಸರ್ಕಾರದ ಅಚ್ಚಿನ ಎಚ್‌ಎಸ್‌ಆರ್‌ಪಿ ಪ್ಲೇಟೂ ಹಾಕ್ಸಿಲ್ಲ. ಅದಕ್ಕೂ ನಿಯಮ ಐತಿ."

"ಹಾಕ್ಸತೀನಿ ಸಾರ್," ಎಂದರು ರಾಮಾಂಜಿನಿ, ಚಪ್ಪಡಿ ಕಲ್ಲು ನೋಡುತ್ತಾ.

ನಿರೀಕ್ಷಕರ ಮಾತಿನಿಂದ ಸಿದ್ದಲಿಂಗೇಶರಿಗೆ ಒಂದು ದಾರಿ ಸಿಕ್ಕಿತು. ಪ್ರತಿ ಟ್ರೇಲರಿನ ಮೇಲಿದ್ದ ನಂಬರ್ ಈಗ ಸುಳ್ಳಾದರೂ ಬರೆದ ದಿನ ನಿಜವಾಗಿರಬೇಕು. ಹಾಗಿದ್ದರೆ ಯಾವ ಟ್ರ್ಯಾಕ್ಟರ್ ಯಾವ ಟ್ರೇಲರನ್ನು ಯಾವ ದಿನ ಎಳೆದಿತ್ತು ಎಂದು ತಿಳಿದರೆ ಬರೆದ ಜಾಗವೂ ತಿಳಿಯುತ್ತದೆ. ಗಿರಣಿಯ ತೂಕದ ಚೀಟಿಗಳನ್ನು ತರಿಸಿ, ಚಾಲಕರನ್ನು ಫೋನಿನಲ್ಲಿ ಕೇಳಿ, ಸಂಜೆಯವರೆಗೆ ಪೂಜಿತಾ ಹೊಂದಿಸುತ್ತಾ ಕುಳಿತಳು. ಹನ್ನೊಂದೂ ಜೋಡಿ ಸಿಕ್ಕವು. ಎಲ್ಲವೂ ನವೆಂಬರ್ ಎರಡನೇ ಮತ್ತು ಮೂರನೇ ವಾರದವು, ಎಲ್ಲವೂ ಸಿರುಗುಪ್ಪದ ಒಂದೇ ಗಿರಣಿಯ ಸರದಿ ಸಾಲಿನಲ್ಲಿ ನಿಂತವು, ಎಲ್ಲವೂ ಹಗಲು ಹನ್ನೊಂದರಿಂದ ಎರಡರ ನಡುವೆ.

"ಹಾಡೇ ಹಗಲು ಬರದಾರ ಸಾರ್," ಎಂದಳು ಪೂಜಿತಾ.

ಡಿಸೆಂಬರ್ 5, ಶುಕ್ರವಾರ, 11-20. ಸಿರುಗುಪ್ಪ. ಗಿರಣಿಯ ಗೇಟಿನಿಂದ ರಸ್ತೆಯವರೆಗೆ ಭತ್ತದ ಟ್ರೇಲರ್‌ಗಳು ನಿಂತಿದ್ದವು. ಸಿದ್ದಲಿಂಗೇಶ್ ಎಣಿಸಿದರು: ಇಪ್ಪತ್ತೇಳು. ಹತ್ತೊಂಬತ್ತರ ಬೆನ್ನ ಮೇಲೆ ಅದೇ ಬಿಳಿ ಪಟ್ಟಿ, ಅದೇ ಕೈ. ಆ ಹತ್ತೊಂಬತ್ತರಲ್ಲಿ ಹಾಲಸಿದ್ದಪ್ಪನವು ಎರಡೇ. ಮಿಕ್ಕವು ಬೇರೆಬೇರೆ ಊರಿನವರವು.

"ವೈರಿ ಕೆಲಸ ಅಲ್ಲ ಇದು," ಎಂದರು ಸಿದ್ದಲಿಂಗೇಶ್. "ವೈರಿ ಆದ್ರ ಇಷ್ಟು ಜನದ ಗಾಡಿಗೆ ಯಾಕ ಬರೀತಾನ?"

ಸಾಲಿನ ಪಕ್ಕ ಬೇವಿನ ಮರದ ಕೆಳಗೆ ಜಂಬಮ್ಮನ ಚಹಾ ಅಂಗಡಿ ಇತ್ತು. ಮಿರ್ಚಿ ಕರಿಯುತ್ತಿದ್ದವಳು ಪೊಲೀಸರನ್ನು ನೋಡಿಯೂ ಜಾಲರಿ ಕೆಳಗಿಡಲಿಲ್ಲ.

"ಈ ನಂಬರ್ ಬರದೋರು ಯಾರಮ್ಮ?"

"ಪೇಂಟ್ ಆಪಾ."

"ಯಾರು ಪೇಂಟ್ ಆಪಾ?"

"ಬಳ್ಳಾರಿಯಾಕಿ. ಆಪಾ ಅಂದ್ರ ಅಕ್ಕ. ಒಂಬತ್ತರ ಬಸ್ಸಿಗಿ ಬರ್ತಾಳ, ಮೂರರ ಬಸ್ಸಿಗಿ ಹೋಗ್ತಾಳ. ಕೈಯಾಗ ಎರಡು ಡಬ್ಬಿ, ಒಂದು ಸ್ಟೂಲು. ನನ್ನ ಹತ್ರ ಚಾ ಕುಡಿದ್ರ ರೊಕ್ಕ ಕೊಟ್ಟ ಹೋಗ್ತಾಳಪ. ಪೊಲೀಸರಂಗಲ್ಲ."

ರಾಮಾಂಜಿನಿ ಕೆಮ್ಮಿದರು. ಟ್ರ್ಯಾಕ್ಟರ್ ನೆರಳಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದ ಚಾಲಕ ಮಾರೇಶನನ್ನು ಸಿದ್ದಲಿಂಗೇಶ್ ಕರೆದರು. ಅವನು ಹಾಲಸಿದ್ದಪ್ಪನ ಗಾಡಿ ಓಡಿಸುವವನು.

"ನಿನ್ನ ಗಾಡಿ ಮ್ಯಾಲ ಬರಿಯೋವಾಗ ನೀನು ಎಲ್ಲಿದ್ದಿ?"

"ಇಲ್ಲೇ ಸಾರ್. ನೋಡ್ಕಂತ ಕುಂತಿದ್ದೆ."

"ತಡೀಲಿಲ್ಲ?"

"ಯಾಕ ತಡೀಲಿ? ಟ್ರ್ಯಾಕ್ಟರ್ ನಂಬರ್ ನೋಡಿದ್ಲು, ಸ್ಟೂಲ್ ಹಾಕ್ಕಂಡು ಕುಂತ್ಲು, ಬರದ್ಲು. ಸಾವ್ಕಾರ ಕಳಸ್ಯಾನ ಅನ್ಕಂಡೆ."

"ಕೇಳಿದ್ಯಾ?"

"ಕೇಳಿದೆ. ಯಾರ್ ಹೇಳ್ಯಾರ ಆಪಾ ಅಂದೆ. ಸರ್ಕಾರ ಹೇಳೈತಿ ಅಂದ್ಲು. ಟ್ರ್ಯಾಕ್ಟರ್ ಬದಲಾದ್ರ ನನ್ನ ಕರಿ, ಅಳಿಸಿ ಬರದ್ ಕೊಡ್ತೀನಿ, ಒಂದು ಪೈಸಾನೂ ಬ್ಯಾಡ ಅಂದ್ಲು. ಹಂಗ ಬರದ್ ಕೊಡೋರು ಯಾರದಾರ ಸಾರ್ ಈಗಿನ ಕಾಲದಾಗ?"

"ಹೆಸರೇನು ಆಕಿದು?"

ಮಾರೇಶನಿಗೂ ಗೊತ್ತಿರಲಿಲ್ಲ, ಜಂಬಮ್ಮನಿಗೂ ಗೊತ್ತಿರಲಿಲ್ಲ. ಆ ಶುಕ್ರವಾರ ಆಕೆ ಬಂದಿರಲಿಲ್ಲ.

ಮಧ್ಯಾಹ್ನ 2-50ಕ್ಕೆ ಅವರು ಠಾಣೆಗೆ ಮರಳಿದರು. ಜೀಪಿನಿಂದ ಇಳಿದ ಪೂಜಿತಾ ಅಂಗಳದಲ್ಲಿ ನಿಂತಿದ್ದ ರಾಮಾಂಜಿನಿಯವರ ಬೈಕಿನ ಮುಂದೆ ನಿಂತುಬಿಟ್ಟಳು. ಕೈಯಲ್ಲಿದ್ದ ಫೋಟೋವನ್ನು ಪ್ಲೇಟಿನ ಪಕ್ಕ ಹಿಡಿದಳು. ಫೋಟೋದಲ್ಲಿದ್ದ 4ರ ತಲೆ ತೆರೆದಿತ್ತು, ಕಾಲಿಗೆ ಎಳ್ಳಿನಷ್ಟು ಅಡ್ಡಗೆರೆ ಇತ್ತು. ಬೈಕಿನ ಪ್ಲೇಟಿನ 4 ಸಹ ಹಾಗೇ ಇತ್ತು.

"ಅಣ್ಣಾ," ಎಂದಳು ಮೆಲ್ಲಗೆ, "ಇದನ್ನ ಯಾರು ಬರದದ್ದು?"

ರಾಮಾಂಜಿನಿ ಪ್ಲೇಟಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. ಸಿದ್ದಲಿಂಗೇಶರೂ ಬಂದು ನಿಂತರು.

"ಕೌಲ್ ಬಜಾರಿನಾಗ ಖಲಂದರ್ ಅಂತ ಒಬ್ಬಾತ ಇದ್ದ ಸಾರ್. ನಂಬರ್ ಪ್ಲೇಟ್ ಅಂಗಡಿ. ಗಂಡ ತಗಡು ಕತ್ತರಿಸ್ತಿದ್ದ, ಹೆಂಡತಿ ಬರೀತಿದ್ಲು. ಸುಲ್ತಾನಾ ಅಂತ. ಎಚ್‌ಎಸ್‌ಆರ್‌ಪಿ ಬಂದಮ್ಯಾಲ ಕೈಬರಹ ಯಾರಿಗೂ ಬ್ಯಾಡಾಗಿ ಅಂಗಡಿ ನೆಲಕ್ಕ ಹತ್ತಿತು. ಆಮ್ಯಾಲ ಟ್ರ್ಯಾಲಿ ಮ್ಯಾಲ ಹೂವು, ಹಕ್ಕಿ ಬರಿಯೋ ಕೆಲಸ ಹಿಡದ್ರು."

"ಇದ್ದ ಅಂದ್ರಿ?"

"ಸತ್ತ ಸಾರ್. ನಮ್ಮ ಸ್ಟೇಷನ್ ಲಿಮಿಟ್ಟಿನಾಗ. ಆ ಫೈಲು ನಾನ ಬರದೀನಿ."

ಫೈಲು ಹಳೆಯ ಕಪಾಟಿನ ಕೆಳ ಅರೆಯಲ್ಲಿತ್ತು. ಅಪರಾಧ ಸಂಖ್ಯೆ 187/2024. ಹಿಂದಿನ ವರ್ಷ ನವೆಂಬರ್ 21ರಂದು ಸಂಜೆ 5-10ಕ್ಕೆ, ಕುರುಗೋಡು ರಸ್ತೆಯಲ್ಲಿ, ಸ್ಕೂಟರಿನಲ್ಲಿ ಬರುತ್ತಿದ್ದ ಖಲಂದರ್‌ಗೆ ಟ್ರ್ಯಾಕ್ಟರ್ ಟ್ರೇಲರ್ ಬಡಿದು ಸ್ಥಳದಲ್ಲೇ ಸಾವು. ಗಾಡಿ ನಿಲ್ಲಿಸದೆ ಪರಾರಿ. ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ವೀರಭದ್ರಮ್ಮನೊಬ್ಬಳೇ ಸಾಕ್ಷಿ. ಏಪ್ರಿಲ್‌ನಲ್ಲಿ ಕೇಸು ಮುಚ್ಚುವ ಸಿ ರಿಪೋರ್ಟ್ ನ್ಯಾಯಾಲಯಕ್ಕೆ ಹೋಗಿತ್ತು: ವಾಹನದ ನಂಬರ್ ತಿಳಿಯದ ಕಾರಣ ಪ್ರಕರಣ ಪತ್ತೆಯಾಗಿಲ್ಲ.

ಸಿದ್ದಲಿಂಗೇಶ್ ವೀರಭದ್ರಮ್ಮನ ಹೇಳಿಕೆ ಓದಿದರು. 'ಟ್ರ್ಯಾಕ್ಟರ್ ಮುಂದೆ ಹೋಗಿಬಿಟ್ಟಿತ್ತು, ಟ್ರೇಲರಿನ ಬೆನ್ನು ಮಾತ್ರ ಕಂಡೆನು. ಹಿಂದೆ ನಂಬರ್ ಇರಲಿಲ್ಲ. ಜೋಡಿ ನವಿಲು ಬರೆದಿತ್ತು. ಎಡಗಡೆಯ ನವಿಲಿಗೆ ಒಂದೇ ಕಾಲು ಇತ್ತು.'

"ಈ ಕಾಲಿನ ಮಾತು ತೆಗಿ ಅಂದಿದ್ರು ಆವಾಗಿನ ಸಾಹೇಬ್ರು," ಎಂದರು ರಾಮಾಂಜಿನಿ. "ಆಯಮ್ಮ ಮೂರು ಸಲ ಅದನ್ನ ಹೇಳಿದ್ಲು. ತೆಗಿಯಾಕ ನನಗ ಮನಸಾಗಲಿಲ್ಲ."

ಮುಂದಿನ ಹಾಳೆ ಸುಲ್ತಾನಾಳ ಹೇಳಿಕೆ. ಆ ನವಿಲುಗಳನ್ನು ಎರಡು ವರ್ಷದ ಹಿಂದೆ ತಾನೇ ಬರೆದದ್ದು, ಸರಪಳಿಯ ಕೊಂಡಿ ಇದ್ದುದರಿಂದ ಎಡ ನವಿಲಿಗೆ ಇನ್ನೊಂದು ಕಾಲು ಬರೆಯಲು ಜಾಗವಿರಲಿಲ್ಲ, ಟ್ರೇಲರ್ ಕುರುಗೋಡಿನ ಹಾಲಸಿದ್ದಪ್ಪನವರದು. ಅದರ ಕೆಳಗೆ ಹಾಲಸಿದ್ದಪ್ಪನ ಉತ್ತರ: 'ಅಂಥ ಟ್ರೇಲರ್ ನನ್ನ ಬಳಿ ಇಲ್ಲ, ಹಿಂದೆಯೂ ಇರಲಿಲ್ಲ.' ಸಹಿ ದೊಡ್ಡದಾಗಿತ್ತು.

ಪೂಜಿತಾ ತನ್ನ ಪಂಚನಾಮೆಯ ಪ್ರತಿ ತಂದು ಫೈಲಿನ ಪಕ್ಕ ಇಟ್ಟಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. ಹಸಿರಿನ ಕೆಳಗೆ ನೀಲಿ.

ಡಿಸೆಂಬರ್ 6, ಶನಿವಾರ, ಬೆಳಿಗ್ಗೆ 9-30. ಕೌಲ್ ಬಜಾರಿನ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಗೋಡೆಯ ತುಂಬ ಮಾರಾಟವಾಗದ ತಗಡುಗಳು. ಸುಲ್ತಾನಾಗೆ ಮೂವತ್ತೆಂಟರ ಆಸುಪಾಸು. ನೆಲದ ಮೇಲೆ ಕುಳಿತು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದವಳು ತಲೆಯೆತ್ತಿ, ಪಿಎಸ್‌ಐಯನ್ನು ದಾಟಿ, ಹಿಂದೆ ನಿಂತಿದ್ದ ರಾಮಾಂಜಿನಿಯನ್ನು ನೋಡಿದಳು.

"ಬರ್ರಿ. ಮೂರು ವಾರ ತಡ ಮಾಡಿದ್ರಿ."

"ಸಿರುಗುಪ್ಪದಾಗ ಟ್ರೇಲರ್ ಮ್ಯಾಲ ನಂಬರ್ ಬರದದ್ದು ನೀವಾ?" ಸಿದ್ದಲಿಂಗೇಶ್ ಕೇಳಿದರು.

"ನಾನ."

"ಎಷ್ಟು ಗಾಡಿಗೆ?"

"ಮೊನ್ನಿಗೆ ಅರವತ್ತೆರಡು. ಶುಕ್ರವಾರ ಹೋಗಂಗಿಲ್ಲ."

"ಮಾಲೀಕರ ಒಪ್ಪಿಗಿ ಇತ್ತಾ?"

"ನಂಬರ್ ಬ್ಯಾಡ ಅನ್ನಾಕ ಮಾಲೀಕರಿಗೆ ಹಕ್ಕು ಐತ್ಯಾ ಸಾಹೇಬ್ರ? ಐತಿ ಅಂತ ಎಲ್ಲ್ಯಾರ ಬರದಿದ್ರ ತೋರಿಸ್ರಿ."

ಅವಳ ಪಕ್ಕದಲ್ಲಿ ಒಂದು ನೋಟ್‌ಬುಕ್ ಇತ್ತು. ನಿಯಮದ ಅಳತೆಗಳನ್ನು ನೀಲಿ ಶಾಯಿಯಲ್ಲಿ ಬರೆದುಕೊಂಡಿದ್ದಳು. ಅದು, ಎರಡು ಡಬ್ಬಿ ಬಣ್ಣ, ಮೂರು ಕುಂಚ, ಒಂದು ಸ್ಟೂಲು ಜಪ್ತಿಯಾದವು. ಜಪ್ತಿ ಪಟ್ಟಿಗೆ ಸಹಿ ಹಾಕುವ ಮುಂಚೆ ಅವಳು ಓದಿದಳು. "ಕುಂಚ ನಾಕು. ಒಂದು ನಿಮ್ಮ ಬೂಟಿನ ಹತ್ರ ಬಿದ್ದೈತಿ. ಬರದ್ರ ಸರಿಯಾಗಿ ಬರೀರಿ."

ಠಾಣೆಯಲ್ಲಿ ವಿಚಾರಣೆ 11-15ಕ್ಕೆ ಶುರುವಾಯಿತು. ಪೂಜಿತಾ ಜೊತೆಗಿದ್ದಳು.

"ಹಾಲಸಿದ್ದಪ್ಪನ ಮ್ಯಾಲ ಸಿಟ್ಟು ಇತ್ತಲ್ಲ? ಆತನ ಗಾಡಿಗಷ್ಟೇ ಯಾಕ ಬರೀಲಿಲ್ಲ?"

"ಒಬ್ಬನ ಗಾಡಿಗೆ ಬರದ್ರ ಜಗಳ ಸಾಹೇಬ್ರ. ಎಲ್ಲಾ ಗಾಡಿಗೂ ಬರದ್ರ ಕಾನೂನು."

"ಆ ಹಸಿರು ಟ್ರೇಲರೇ ನಿಮ್ಮ ನವಿಲಿಂದು ಅಂತ ಗೊತ್ತಿತ್ತಾ?"

ಅವಳು ಸಿದ್ದಲಿಂಗೇಶರ ಮುಖ ನೋಡಿದಳು. ಮೊದಲ ಸಲ ಅವಳ ದನಿ ತಗ್ಗಿತು.

"ಯಾವ ಹಸಿರು?"

ಗೊತ್ತಿರಲಿಲ್ಲ. ತನ್ನ ನವಿಲುಗಳ ಎದುರಿಗೇ ಕುಳಿತು, ಅವುಗಳ ಮೇಲೆಯೇ 4417 ಎಂದು ಬರೆದಿದ್ದಳು.

12-30ರ ಹೊತ್ತಿಗೆ ಆರೋಪಿ ಸಿಕ್ಕ ಸುದ್ದಿ ತಿಳಿದು ಹಾಲಸಿದ್ದಪ್ಪ ಬಂದರು. ಬೆಂಚಿನ ಮೇಲೆ ಕುಳಿತಿದ್ದವಳನ್ನು ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ನಗುತ್ತಾ ಪಿಎಸ್‌ಐ ಕಡೆ ತಿರುಗಿದರು.

"ಹೆಣ್ಮಗಳು ಸಾರ್. ಕೋರ್ಟು ಕಚೇರಿ ಯಾಕ? ಎಲ್ಲಾ ಅಳಿಸಿ, ತಪ್ಪಾತು ಅಂತ ಒಂದು ಮಾತು ಬರದ್ ಕೊಡಲಿ. ನಾನು ರಾಜಿ ಆಗ್ತೀನಿ."

"ಅಳಿಸೋದು ನನ್ನ ಕೆಲಸ ಅಲ್ಲ ಸಾವ್ಕಾರ್ರ," ಎಂದಳು ಸುಲ್ತಾನಾ. "ಬರಿಯೋದು."

"ನೋಡಮ್ಮ, ಜೈಲಿಗೆ ಹೋಗ್ತಿ."

"ಅಲ್ಲಿನ ಗಾಡಿಗಾದ್ರೂ ನಂಬರ್ ಐತಿ."

ಪೂಜಿತಾ ಕಿಟಕಿ ಕಡೆ ತಿರುಗಿದಳು. ಸಿದ್ದಲಿಂಗೇಶ್ ಎದ್ದು ಟೋಪಿ ಹಾಕಿಕೊಂಡರು. "ಹಾಲಸಿದ್ದಪ್ಪನವರ, ಶೆಡ್ಡಿಗೆ ಹೋಗೋಣ ಬರ್ರಿ. ನಿಮ್ಮ ತಿನ್ನರ್ ಇನ್ನ ಉಳಿದೈತ್ಯಾ?"

ಎರಡನೇ ಪಂಚನಾಮೆ 2-10ಕ್ಕೆ. ಎರಡು ಲೀಟರ್ ತಿನ್ನರ್, ನಾಲ್ಕು ಬಟ್ಟೆ. ಹಸಿರು ಟ್ರೇಲರಿನ ಹಿಂಬಾಗಿಲನ್ನು ಪಂಚರ ಎದುರಿಗೆ ರಾಮಾಂಜಿನಿ ತಾವೇ ಉಜ್ಜಿದರು. ಬೇರೆ ಯಾರಿಗೂ ಬಟ್ಟೆ ಕೊಡಲಿಲ್ಲ. ನಂಬರಿನ ಪಟ್ಟಿಯನ್ನು ಮುಟ್ಟದೆ ಸುತ್ತಲೂ ಉಜ್ಜುತ್ತಾ ಹೋದರು. ಮೊದಲು ನೀಲಿ ಕುತ್ತಿಗೆ ಬಂತು. ಆಮೇಲೆ ಗರಿ, ಗರಿಯ ಹಳದಿ ಕಣ್ಣು. ಆಮೇಲೆ ಎದುರಿನ ನವಿಲು. ಎಡಗಡೆ, ಸರಪಳಿಯ ಕೊಂಡಿಯ ಪಕ್ಕ, ಒಂದೇ ಒಂದು ಕಾಲು.

ನಾಲ್ಕು ಕಡೆಯಿಂದ ಫೋಟೋ ತೆಗೆಯಲಾಯಿತು.

"ಈ ಟ್ರೇಲರ್ ಯಾರದು?" ಸಿದ್ದಲಿಂಗೇಶ್ ಕೇಳಿದರು.

ಹಾಲಸಿದ್ದಪ್ಪ ಒಂದು ಹೆಜ್ಜೆ ಹಿಂದೆ ಸರಿದರು.

"ಆರು ವರ್ಷದಿಂದ ನಿಮ್ಮ ಸ್ವಾಧೀನದಾಗ ಐತಿ ಅಂತ ಬುಧವಾರ ಸಹಿ ಮಾಡೀರಿ. ಇಂಥದ್ದು ಇರಲೇ ಇಲ್ಲ ಅಂತ ಹೋದ ವರ್ಷ ಸಹಿ ಮಾಡೀರಿ. ಎರಡೂ ನಿಮ್ಮ ಸಹಿನ."

"ಹಳೇ ಮಾತು ಸಾರ್ ಅದು..."

"ಹೋದ ನವೆಂಬರ್ 21ಕ್ಕ ಇದನ್ನ ಯಾವ ಟ್ರ್ಯಾಕ್ಟರ್ ಎಳೀತಿತ್ತು, ಯಾರು ಓಡಿಸ್ತಿದ್ರು ಅಂತ ಬರದ್ ಕೊಡಬೇಕು. ಮಾಲೀಕರಾದವರು ಹೇಳಲೇಬೇಕು, ಅದೂ ಕಾನೂನು. ನೋಟಿಸ್ ತಗಳ್ರಿ." ಟ್ರೇಲರನ್ನು ಜಪ್ತಿ ಮಾಡಿ ಠಾಣೆಗೆ ಎಳೆಸಲಾಯಿತು. 187/2024ನ್ನು ಮತ್ತೆ ತನಿಖೆಗೆ ತೆಗೆದುಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಸಿದ್ಧವಾಯಿತು.

ಆದರೆ 214/2025 ಇನ್ನೂ ಉಳಿದಿತ್ತು. 4-40ಕ್ಕೆ ಸಿದ್ದಲಿಂಗೇಶ್ ಸುಲ್ತಾನಾಳ ಮುಂದೆ ಒಂದು ಹಾಳೆ ಇಟ್ಟರು.

"ಅಮ್ಮಾ, ಇದು ಸಣ್ಣ ಕೇಸು. ಅರೆಸ್ಟ್ ಮಾಡಬೇಕು ಅಂತೇನಿಲ್ಲ. ಕರೆದಾಗ ಬರ್ತೀನಿ, ಮತ್ತ ಹಂಗ ಬರಿಯಂಗಿಲ್ಲ ಅಂತ ಸಹಿ ಮಾಡ್ರಿ. ಮನಿಗೆ ಹೋಗ್ರಿ."

"ನವಿಲು ಕಂಡ್ವಾ?"

"ಕಂಡವು."

"ಕಾಲು?"

"ಒಂದ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಹಾಳೆಯನ್ನು ಓದಿದಳು. ಪೆನ್ನು ಮುಟ್ಟಲಿಲ್ಲ.

"ಕರೆದಾಗ ಬರ್ತೀನಿ. ಬರಿಯಂಗಿಲ್ಲ ಅಂತ ಸಹಿ ಮಾಡಂಗಿಲ್ಲ. ಆ ಗಿರಣಿ ಸಾಲಿನಾಗ ಇನ್ನ ಎಂಟು ಗಾಡಿ ಉಳದಾವಂತ ನೀವ ಎಣಿಸೀರಿ."

"ಇಷ್ಟಾದಮ್ಯಾಲೂ?"

"ಇಷ್ಟಾದಮ್ಯಾಲ ಬಿಡ್ಲ್ಯಾ? ನವಿಲು ಬರಿಯಾಕ ಹೋದಾಗ ನಾನು ಕೇಳಿದೆ ಸಾಹೇಬ್ರ, ನಂಬರ್ ಎಲ್ಲಿ ಬರೀಲಿ ಅಂತ. ನಂಬರ್ ಬ್ಯಾಡ, ಆ ಜಾಗದಾಗ ನವಿಲು ಬರಿ ಅಂದ್ರು. ಚಂದ ಬರದೆ. ಇಪ್ಪತ್ತು ವರ್ಷ ನಂಬರ್ ಬರದ ಕೈ ಇದು. ಅವತ್ತೊಂದು ದಿನ ಬ್ಯಾಡ ಅಂದ ಮಾತು ಕೇಳ್ತು. ಇನ್ನ ಕೇಳಂಗಿಲ್ಲ."

ಸಿದ್ದಲಿಂಗೇಶ್ ಗೋಡೆಯ ಗಡಿಯಾರ ನೋಡಿದರು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಇನ್ನೊಂದು ಗಂಟೆ ತಡೆದರೆ ಈ ದಿನ ದಾಟಬಹುದಿತ್ತು. ಅವರ ನೋಟ ಹೋದ ಕಡೆ ಅವಳೂ ನೋಡಿದಳು.

"ಹೊತ್ತು ಕಳೀಬ್ಯಾಡ್ರಿ. ಕೋರ್ಟ್‌ನಾಗ ನನಗ ಮಾತಾಡೋದೈತಿ. ಜಾಮೀನು ಆಮ್ಯಾಲ ನೋಡೋಣ. ಮೊದಲು ಆ ಎಫ್‌ಐಆರ್ ಪ್ರತಿ ಕೊಡ್ರಿ. ಹನ್ನೊಂದು ನಂಬರೂ ಅದಾವಂತಲ್ಲ ಅದರಾಗ, ಸಾವ್ಕಾರ್ರ ಸಹಿ ಜೋಡಿ."

ಸಂಜೆ 5-05ಕ್ಕೆ ಬಂಧನದ ಮೆಮೊ ಆಯಿತು. ಅವಳು ತನ್ನ ಹೆಸರನ್ನು ನಿಧಾನವಾಗಿ, ಅಕ್ಷರದ ನಡುವೆ ಸಮ ಜಾಗ ಬಿಟ್ಟು ಬರೆದಳು. ಎಫ್‌ಐಆರ್ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಬಳ್ಳಾರಿಗೆ ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ಯಲು ಪೂಜಿತಾ ಜೀಪಿನ ಹಿಂಬಾಗಿಲು ತೆರೆದಳು. ಹತ್ತುವ ಮುಂಚೆ ಸುಲ್ತಾನಾ ಬಾಗಿಲ ಹತ್ತಿರ ನಿಂತಿದ್ದ ರಾಮಾಂಜಿನಿಯ ಕಡೆ ತಿರುಗಿದಳು.

"ಹೋದ ವರ್ಷ ಮೂರು ಸಲ ಬಂದೆ. ಮೂರು ಸಲಾನೂ ನೀವು ಒಂದ ಮಾತು ಹೇಳಿದ್ರಿ. ನೆನಪೈತ್ಯಾ?"

ರಾಮಾಂಜಿನಿ ಹೌದೆಂದು ತಲೆಯಾಡಿಸಿದರು.

"ತಂದೀನಿ," ಎಂದಳು. ಜೀಪು ಹೊರಟಿತು.

ಆ ರಾತ್ರಿಯೇ ಸಿದ್ದಲಿಂಗೇಶ್ ಕೇಸ್ ಡೈರಿಯಲ್ಲಿ ಬಂಧನದ ವಿವರ ತುಂಬಿದರು. ಅಪರಾಧಕ್ಕೆ ಕಾರಣ ಎಂಬಲ್ಲಿ 'ಗಂಡನ ಸಾವಿನ ದುಃಖದಿಂದ' ಎಂದು ಬರೆಯಲು ಹೊರಟಾಗ ರಾಮಾಂಜಿನಿ ಮೇಜಿನ ಹತ್ತಿರ ಬಂದು ನಿಂತರು. ಬೆರಳುಗಳಿಗೆ ಇನ್ನೂ ತಿನ್ನರ್ ವಾಸನೆ ಇತ್ತು. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ. ಅಂಗಳದಲ್ಲಿ ಅವರ ಬೈಕಿನ ಪ್ಲೇಟಿನ ಮೇಲೆ ಈಗ ನಂಬರ್ ಮಾತ್ರ ಇತ್ತು.

"ಹಂಗ ಬರೀಬ್ಯಾಡ್ರಿ ಸಾರ್. ನಾನು ಹೇಳಿದ ಮಾತು ಬರೀರಿ. ನನ್ನ ಹೆಸರು ಹಾಕಿ ಬರೀರಿ."

"ಮ್ಯಾಲಿನವರು ಕೇಳ್ತಾರ. ನಿಮಗ ತೊಂದ್ರಿ ಆಗಬಹುದು."

"ಕೇಳಲಿ."

ಸಿದ್ದಲಿಂಗೇಶ್ ಬರೆದರು: 'ಆರೋಪಿಯು ತನ್ನ ಗಂಡನ ಸಾವಿನ ಬಗ್ಗೆ ಈ ಠಾಣೆಗೆ ಮೂರು ಸಲ ಬಂದಾಗ ಹೆಡ್ ಕಾನ್‌ಸ್ಟೆಬಲ್ ರಾಮಾಂಜಿನಿ ಎಂಬವರು "ನಂಬರ್ ತಗಂಡ್ ಬಾರಮ್ಮ, ಆಮ್ಯಾಲ ನೋಡೋಣ" ಎಂದು ಹೇಳಿ ಕಳಿಸಿರುತ್ತಾರೆ.'